ಊರಿನಲ್ಲಿರುವವರಿಗೆ ಕಾಣದ್ದು ಹೊರಗಿರುವವರಿಗೆ ಕಾಣುತ್ತದೆಯೇ? ಪ್ರಜಾಪ್ರಭುತ್ವ ಸವೆಯುವ ಬಗೆ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಜರ್ಮನಿಯಲ್ಲಿರುವ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಗೆ ಬಂದು 12 ವರ್ಷಗಳಾದವು. ಭಾರತದ ಪಾಸ್‌ಪೋರ್ಟನ್ನು ಬಿಟ್ಟುಕೊಟ್ಟಿಲ್ಲ, ಬಿಡುವ ಮನಸ್ಸೂ ಇಲ್ಲ. ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿರುವ ಒಂದು ಸಂಗತಿಯನ್ನು ತಿಳಿದವರ ಮುಂದಿಡಬೇಕೆನಿಸಿ ಬರೆಯುತ್ತಿದ್ದೇನೆ.

ನನ್ನ ಸೋದರಮಾವ ನಿವೃತ್ತ ಹೈಸ್ಕೂಲು ಮೇಷ್ಟ್ರು. ರಾಜಕೀಯ ಮಾತಾಡದೆ ಅವರ ಒಂದು ದಿನವೂ ಮುಗಿಯುತ್ತಿರಲಿಲ್ಲ. ಯಾವ ಪಕ್ಷದ ಸರಕಾರವಿದ್ದರೂ ಅದರ ತಪ್ಪುಗಳನ್ನು ದಿನಾಂಕಸಮೇತ ಹೇಳುವ ಮನುಷ್ಯ. ಕಳೆದ ತಿಂಗಳು ಫೋನಿನಲ್ಲಿ ನಾನು ಏನೋ ಸುದ್ದಿ ಎತ್ತಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೆಲ್ಲ ಫೋನಿನಲ್ಲಿ ಬೇಡ ಬಿಡಪ್ಪಾ, ಬಂದಾಗ ಮಾತಾಡೋಣ" ಎಂದರು. ನಾನು ಗಾಬರಿಯಿಂದ "ಯಾಕೆ ಮಾವ, ಏನಾದರೂ ತೊಂದರೆಯೇ?" ಎಂದರೆ, "ಛೇ, ಇಲ್ಲೇನಾಗಿದೆ? ಎಲ್ಲ ಮೊದಲಿನಂತೆಯೇ ಇದೆ. ನೀನು ಅಲ್ಲಿ ಕೂತು ಏನೇನೋ ಓದಿ ತಲೆ ಕೆಡಿಸಿಕೊಳ್ಳುತ್ತೀಯ" ಎಂದು ನಕ್ಕರು. ಒಂದೇ ನಿಮಿಷದ ಅಂತರದಲ್ಲಿ ಹೇಳಿದ ಈ ಎರಡು ಮಾತುಗಳನ್ನು ಜೋಡಿಸಿಕೊಳ್ಳಲು ನನ್ನಿಂದ ಇಂದಿಗೂ ಆಗಿಲ್ಲ.

ಇಲ್ಲಿ ಬರ್ಲಿನ್ನಿನಲ್ಲಿ, ಸಂಸತ್ ಭವನದ ಎದುರಿಗೆ, ಒತ್ತಾಗಿ ನಿಲ್ಲಿಸಿದ 96 ಕಬ್ಬಿಣದ ಫಲಕಗಳ ಒಂದು ಸ್ಮಾರಕವಿದೆ. ನಾಜಿಗಳು ಕೊಂದ ಸಂಸತ್ ಸದಸ್ಯರ ಹೆಸರು, ಪಕ್ಷ, ಸತ್ತ ಜಾಗ ಮತ್ತು ದಿನಾಂಕಗಳು ಅವುಗಳ ಅಂಚಿನ ಮೇಲಿವೆ. ಬಾಗಿ ನಿಂತರೆ ಮಾತ್ರ ಓದಲಾಗುತ್ತದೆ. ಹಿಟ್ಲರ್ ಚಾನ್ಸಲರ್ ಆದದ್ದು 1933ರ ಜನವರಿ 30ರಂದು, ಕಾನೂನುಬದ್ಧವಾಗಿಯೇ. ಎಲ್ಲ ಅಧಿಕಾರವನ್ನು ಅವನ ಕೈಗಿತ್ತ ಕಾಯಿದೆ ಮಾರ್ಚ್ 23ರಂದು 444 ಮತಗಳಿಂದ ಅಂಗೀಕಾರವಾಯಿತು, ವಿರುದ್ಧ ಬಿದ್ದದ್ದು 94. ಎರಡು ತಿಂಗಳೂ ತುಂಬಿರಲಿಲ್ಲ. ಭಾರತವನ್ನು ಆ ಜರ್ಮನಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ, ಹಾಗೆ ಹೋಲಿಸುವವರ ಮಾತು ನನಗೂ ಹಿಡಿಸುವುದಿಲ್ಲ. ಆದರೆ ಆ ಫಲಕಗಳ ಮುಂದೆ ನಿಂತಾಗಲೆಲ್ಲ, ಆ ಫೆಬ್ರವರಿಯಲ್ಲಿಯೂ ಒಬ್ಬ ಮಾವ ತನ್ನ ಅಳಿಯನಿಗೆ "ಇಲ್ಲೇನಾಗಿದೆ?" ಎಂದಿರಬಹುದಲ್ಲವೇ ಎಂಬ ಯೋಚನೆ ಬರುತ್ತದೆ.

ಪ್ರಶ್ನೆ ಇಷ್ಟೇ. ಒಂದು ದೇಶದ ಪ್ರಜಾಪ್ರಭುತ್ವ ಸವೆಯುತ್ತಿದೆಯೇ ಎಂಬುದನ್ನು ಸರಿಯಾಗಿ ನೋಡಬಲ್ಲವರು ಯಾರು? ಅದರೊಳಗೆ ಬದುಕುತ್ತಿರುವವರೋ, ಹೊರಗೆ ನಿಂತು ನೋಡುತ್ತಿರುವವರೋ? ನನ್ನ ಭಯ ದೂರದಿಂದ ಹುಟ್ಟಿದ್ದೇ, ಅಥವಾ ಮಾವನ ನೆಮ್ಮದಿ ಅಭ್ಯಾಸದಿಂದ ಬಂದದ್ದೇ?

ಉತ್ತರ 1: ಹಳೆಯ ಕರಡು ತಿದ್ದುವವ

ನನಗೀಗ 73. ತುರ್ತುಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಆಗತಾನೆ ಸೇರಿದ್ದೆ. ನಿಮ್ಮ ಪ್ರಶ್ನೆಗೆ ನನ್ನ ಅನುಭವದಿಂದಲೇ ಉತ್ತರ ಹೇಳುತ್ತೇನೆ, ತಾಳ್ಮೆಯಿಂದ ಓದಿ.

1975ರ ಜೂನ್ 25ರ ರಾತ್ರಿ ದೆಹಲಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಸಂಸದೀಯ ಸಮಿತಿಯ ಕೆಲಸಕ್ಕೆಂದು ನಮ್ಮ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಇಲ್ಲಿಯೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಇದೆಲ್ಲ ಈಗ ಪುಸ್ತಕಗಳಲ್ಲಿದೆ. ಪುಸ್ತಕಗಳಲ್ಲಿ ಸಿಗದಿರುವುದು ನಮ್ಮ ಮೇಜಿನ ಮೇಲೆ ನಡೆಯುತ್ತಿದ್ದದ್ದು. ಪುಟದ ಕರಡಚ್ಚು ಸೆನ್ಸಾರ್ ಅಧಿಕಾರಿಯ ಬಳಿಗೆ ಹೋಗಿ ಬರುವಾಗ ಮೊದಮೊದಲು ಅದರ ತುಂಬ ಕೆಂಪು ಗೀರುಗಳಿರುತ್ತಿದ್ದವು. ಇಡೀ ಪ್ಯಾರಾಗಳು ಹೋಗುತ್ತಿದ್ದವು, ಆ ಜಾಗಕ್ಕೆ ತುಂಬಿಸಲು ಮಳೆಯ ಸುದ್ದಿ ಹುಡುಕುತ್ತಿದ್ದೆವು. ಐದಾರು ತಿಂಗಳು ಕಳೆಯುವಷ್ಟರಲ್ಲಿ ಕರಡು ಹೋದ ಹಾಗೆಯೇ ವಾಪಸು ಬರತೊಡಗಿತು, ಒಂದು ಗೀರೂ ಇರುತ್ತಿರಲಿಲ್ಲ. ಸೆನ್ಸಾರ್ ಸಡಿಲವಾಯಿತೆಂದು ನಾನು ನಂಬಿದ್ದೆ. ಹಿರಿಯ ಉಪಸಂಪಾದಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಅವರು ಹೊಡೆಯಬಹುದಾದದ್ದನ್ನು ನಾವೇ ಬರೆಯುತ್ತಿಲ್ಲವಲ್ಲೋ" ಎಂದರು. ನಿಮ್ಮ ಮಾವ ಫೋನಿನಲ್ಲಿ ಸುಮ್ಮನಾದದ್ದನ್ನು ಓದಿದಾಗ ನನಗೆ ನೆನಪಾದದ್ದು ಆ ಗೀರಿಲ್ಲದ ಕರಡು.

ಇನ್ನು, ಒಳಗಿದ್ದವರಿಗೆ ಏನು ಕಾಣುತ್ತಿತ್ತು? ಬಸ್ಸುಗಳು ಸಮಯಕ್ಕೆ ಸರಿಯಾಗಿ ಬರುತ್ತಿವೆ, ಗುಮಾಸ್ತರು ಕುರ್ಚಿಯಲ್ಲಿ ಕೂರುತ್ತಿದ್ದಾರೆ, ಮುಷ್ಕರಗಳಿಲ್ಲ ಎಂದು ಜನ ಮೆಚ್ಚಿ ಆಡುತ್ತಿದ್ದ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ರಂಗಕರ್ಮಿ ಸ್ನೇಹಲತಾ ರೆಡ್ಡಿಯವರು ಅಸ್ತಮಾದಿಂದ ನರಳುತ್ತ ತಿಂಗಳುಗಟ್ಟಲೆ ಬೆಂಗಳೂರಿನ ಜೈಲಿನಲ್ಲಿದ್ದು, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆದರೂ ಅದೇ ವರ್ಷದ ಮಾರ್ಚ್‌ನಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಅವರದೇ ರಾಯಬರೇಲಿಯಲ್ಲಿ ಸೋಲಿಸಿದಾಗ, ನಮ್ಮ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ನಮ್ಮ ಜನ ದಡ್ಡರಾಗಿದ್ದರೆಂದು ನಾನು ಹೇಳಲಾರೆ. ಉತ್ತರದಲ್ಲಿ ಮನೆಮನೆಗೆ ಬಂದ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಅಟ್ಟಹಾಸ ಇಲ್ಲಿ ಆ ಪ್ರಮಾಣದಲ್ಲಿ ಇರಲಿಲ್ಲ. ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿದಾರರಿಗೆ ಭೂಮಿ ಸಿಗುತ್ತಿತ್ತು. ಗೇಣಿಯ ಹೊಲ ತನ್ನ ಹೆಸರಿಗಾದ ರೈತನಿಗೆ ದೆಹಲಿಯ ಪತ್ರಿಕೆಗಳ ಬಾಯಿ ಕಟ್ಟಿದ್ದು ಹೇಗೆ ಕಾಣಬೇಕು? ಒಂದೇ ದೇಶ, ಒಂದೇ ಕಾನೂನು, ದೇಶದುದ್ದಕ್ಕೂ 1 ಲಕ್ಷಕ್ಕೂ ಹೆಚ್ಚು ಜನ ಸೆರೆಯಲ್ಲಿ. ಹೀಗಿದ್ದೂ ಪಾಟ್ನಾದವನಿಗೆ ಕಂಡದ್ದು ಮಂಡ್ಯದವನಿಗೆ ಕಾಣಲಿಲ್ಲ. ಹಾಗಾಗಿ ಒಳಗೆ, ಹೊರಗೆ ಎಂಬ ನಿಮ್ಮ ಗೆರೆ ದೇಶದ ಗಡಿಯಲ್ಲಿಲ್ಲ. ಏಟು ಬಿದ್ದವನು ಒಳಗಿನವನು, ಬೀಳದವನು ತನ್ನ ಊರಿನಲ್ಲಿದ್ದರೂ ಹೊರಗಿನವನೇ.

ಹೊರದೇಶದಲ್ಲಿದ್ದವರು ಆಗಲೂ ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿದ್ದ ಭಾರತೀಯರು 'ಇಂಡಿಯನ್ಸ್ ಫಾರ್ ಡೆಮಾಕ್ರಸಿ' ಎಂಬ ಸಂಘಟನೆ ಕಟ್ಟಿ ಪ್ರತಿಭಟಿಸಿದರು. ಮುಂದೆ ನಮ್ಮಲ್ಲಿ ಗಣಿ ಅಕ್ರಮಗಳ ವಿರುದ್ಧ ಹೋರಾಡಿದ ಎಸ್. ಆರ್. ಹಿರೇಮಠರು ಅದರಲ್ಲಿದ್ದರು. ನಮ್ಮ ಪತ್ರಿಕೆಯಲ್ಲಿ ಅಚ್ಚಾಗದ ನಮ್ಮದೇ ಸುದ್ದಿಯನ್ನು ನಾವು ರಾತ್ರಿ ಬಿಬಿಸಿ ರೇಡಿಯೊದಲ್ಲಿ ಕೇಳುತ್ತಿದ್ದೆವು.

ಉತ್ತರ 2: ಜಿಲ್ಲಾ ನ್ಯಾಯಾಲಯದ ವಕೀಲೆ

ಹಿರಿಯರು ಬರೆದದ್ದನ್ನು ಎರಡು ಸಲ ಓದಿದೆ. ಅದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಜನರ ಬದುಕು ಬದಲಾಗುವ ಎಷ್ಟೋ ಮೊದಲೇ ನಿಯಮಗಳು ಬದಲಾಗಿರುತ್ತವೆ, ಮತ್ತು ನಿಯಮಗಳನ್ನು ಓದಲು ಊರಿನಲ್ಲೇ ಇರಬೇಕೆಂದಿಲ್ಲ.

ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ಕೊಟ್ಟ ಎಡಿಎಂ ಜಬಲ್ಪುರ ತೀರ್ಪನ್ನು ನಮ್ಮ ವೃತ್ತಿಯಲ್ಲಿ ಯಾರೂ ಮರೆಯುವುದಿಲ್ಲ. ತುರ್ತುಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದವನು ತನ್ನ ಬಂಧನವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಒಪ್ಪದ ಎಚ್. ಆರ್. ಖನ್ನಾ ಅವರಿಗೆ ಸರದಿಯಲ್ಲಿ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಿತು. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗವದು. ಅದರಿಂದ ಪಾಠ ಕಲಿತದ್ದೂ ನಿಜ: ಸಂವಿಧಾನದ 1978ರ 44ನೆಯ ತಿದ್ದುಪಡಿ, ತುರ್ತುಪರಿಸ್ಥಿತಿ ಹೇರಲು ಇದ್ದ ಕಾರಣಗಳಲ್ಲಿ 'ಆಂತರಿಕ ಕ್ಷೋಭೆ' ಎಂಬ ಸಡಿಲ ಪದವನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂದು ಬರೆಯಿತು, ಸಂಪುಟದ ನಿರ್ಧಾರ ಲಿಖಿತವಾಗಿ ಬರಬೇಕೆಂದಿತು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಯಾವ ತುರ್ತಿನಲ್ಲಿಯೂ ಅಮಾನತಿನಲ್ಲಿಡುವಂತಿಲ್ಲವೆಂದಿತು. ಜಬಲ್ಪುರ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟ್ ಬಾಯಿಬಿಟ್ಟು ಹೇಳಿದ್ದು ಮಾತ್ರ 2017ರ ಆಗಸ್ಟ್‌ನಲ್ಲಿ, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ.

ಆದ್ದರಿಂದ 1975ರ ದಾರಿಯಲ್ಲಿ ಇನ್ನೊಮ್ಮೆ ಯಾರೂ ಸುಲಭವಾಗಿ ಬರಲಾರರು. ನಾನು ಗಮನಿಸುವುದು ಬೇರೆ ದಾರಿಗಳನ್ನು. ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಯಡಿ ದೋಷಾರೋಪ ಪಟ್ಟಿ ಸಲ್ಲಿಸಲು 180 ದಿನಗಳವರೆಗೆ ಅವಕಾಶವಿದೆ. ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಸಾಕು, ಜಾಮೀನು ಕೊಡುವಂತಿಲ್ಲ. ಹೀಗಾಗಿ ಅಪರಾಧ ಸಾಬೀತಾಗದಿದ್ದರೂ ವರ್ಷಗಳು ಜೈಲಿನಲ್ಲಿ ಕಳೆದುಹೋಗುತ್ತವೆ, ವಿಚಾರಣೆಯೇ ಶಿಕ್ಷೆಯಾಗುತ್ತದೆ. ಚುನಾವಣಾ ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿಗಳು ಇರಬೇಕೆಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಸಂಸತ್ತು ಕಾನೂನು ಮಾಡುವವರೆಗೆ ಎಂಬ ಷರತ್ತಿನೊಡನೆ ಹೇಳಿತ್ತು. ಅದೇ ಡಿಸೆಂಬರಿನಲ್ಲಿ ಬಂದ ಕಾನೂನು ಅವರ ಜಾಗದಲ್ಲಿ ಪ್ರಧಾನಿ ಸೂಚಿಸುವ ಸಚಿವರನ್ನು ಕೂರಿಸಿತು. ಪ್ರಧಾನಿ, ಅವರ ಸಚಿವರು, ವಿರೋಧ ಪಕ್ಷದ ನಾಯಕರು: ಮೂವರಲ್ಲಿ ಇಬ್ಬರು ಯಾವ ಕಡೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಅಧಿವೇಶನದಲ್ಲಿ ಎರಡೂ ಸದನಗಳಿಂದ 146 ವಿರೋಧ ಪಕ್ಷದ ಸದಸ್ಯರು ಅಮಾನತಾದರು. 17ನೆಯ ಲೋಕಸಭೆ ಉಪಸಭಾಧ್ಯಕ್ಷರೇ ಇಲ್ಲದೆ ತನ್ನ ಅವಧಿಯನ್ನು ಮುಗಿಸಿತು. ಇವುಗಳಲ್ಲಿ ಯಾವ ಒಂದನ್ನು ತೆಗೆದುಕೊಂಡರೂ ನಿಮ್ಮ ಮಾವನ ಬೆಳಗು ಸಂಜೆಗಳಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ.

ಮತ್ತೊಂದು ಬದಿಯನ್ನೂ ಹೇಳದಿದ್ದರೆ ನನ್ನ ವೃತ್ತಿಗೆ ನಾನೇ ಅನ್ಯಾಯ ಮಾಡಿದಂತಾದೀತು. ಹೆಸರು ಬಯಲಾಗದಂತೆ ಪಕ್ಷಗಳಿಗೆ ದೇಣಿಗೆ ಕೊಡಬಹುದಾಗಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರವರಿ 15ರಂದು ರದ್ದು ಮಾಡಿತು, ಯಾರು ಕೊಂಡರು, ಯಾರಿಗೆ ಸಂದಿತು ಎಂಬ ವಿವರವನ್ನು ಬಹಿರಂಗಪಡಿಸುವಂತೆ ಬ್ಯಾಂಕಿಗೆ ಆದೇಶಿಸಿತು. ಕಟ್ಟಡ ಬಿದ್ದುಹೋಗಿಲ್ಲ. ಆದರೆ ಬಿರುಕುಗಳನ್ನು ತೋರಿಸಿದವನಿಗೆ "ಮನೆ ಇನ್ನೂ ನಿಂತಿದೆಯಲ್ಲ" ಎಂದು ಹೇಳುವುದು ಉತ್ತರವಾಗುವುದಿಲ್ಲ.

ಉತ್ತರ 3: ಬೆಂಗಳೂರಿನ ಓದುಗ

ಮೇಲಿನ ಇಬ್ಬರ ಬಗ್ಗೆಯೂ ಗೌರವವಿಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. 2023ರ ಮೇ ತಿಂಗಳಲ್ಲಿ ಈ ರಾಜ್ಯದ ಜನ ಆಳುವ ಪಕ್ಷವನ್ನು ಕೆಳಗಿಳಿಸಿ ಇನ್ನೊಂದು ಪಕ್ಷಕ್ಕೆ 224ರಲ್ಲಿ 135 ಸ್ಥಾನಗಳನ್ನು ಕೊಟ್ಟರು. 2024ರಲ್ಲಿ 64 ಕೋಟಿ ಜನ ಮತ ಹಾಕಿದರು. 303 ಸ್ಥಾನಗಳಿದ್ದ ಪಕ್ಷ 240ಕ್ಕೆ ಇಳಿದು ಮಿತ್ರಪಕ್ಷಗಳನ್ನು ಆಶ್ರಯಿಸಬೇಕಾಯಿತು. ಸರ್ವಾಧಿಕಾರಿಗಳ ನಾಡಿನಲ್ಲಿ ಇಂಥ ಫಲಿತಾಂಶ ಬರುತ್ತದೆಯೇ?

ಹೊರಗಿನ ಸಂಸ್ಥೆಗಳ ಅಂಕಿಗಳನ್ನು ಕೂಡ ಎಚ್ಚರದಿಂದ ಓದಬೇಕು. ದೇಶಗಳ ಪ್ರಜಾಪ್ರಭುತ್ವವನ್ನು ಅಳೆಯುವ ಸ್ವೀಡನ್ನಿನ ವಿ-ಡೆಮ್ ಸಂಸ್ಥೆ 2021ರ ವರದಿಯಲ್ಲಿ ಭಾರತವನ್ನು 'ಚುನಾವಣೆ ನಡೆಸುವ ನಿರಂಕುಶ ವ್ಯವಸ್ಥೆ' ಎಂಬ ವರ್ಗಕ್ಕೆ ಸೇರಿಸಿತು. ಅದೇ ವರ್ಷ ಅಮೆರಿಕದ ಫ್ರೀಡಂ ಹೌಸ್ 'ಸ್ವತಂತ್ರ' ಪಟ್ಟಿಯಿಂದ 'ಭಾಗಶಃ ಸ್ವತಂತ್ರ' ಪಟ್ಟಿಗೆ ಇಳಿಸಿತು. ಈ ಅಳತೆಗಳ ಬಹುಭಾಗ ತಜ್ಞರು ಪ್ರಶ್ನಾವಳಿಗೆ ಕೊಡುವ ಅಂಕಗಳು. ಜಗತ್ತಿನಾದ್ಯಂತ ಆಳುವವರು ಚುನಾವಣೆಯಲ್ಲಿ ಸೋಲುವ ಪ್ರಮಾಣದಂಥ ಎಣಿಸಬಹುದಾದ ಸಂಗತಿಗಳನ್ನು ನೋಡಿದರೆ ಅಷ್ಟೊಂದು ಕುಸಿತ ಕಾಣುವುದಿಲ್ಲ, ತಜ್ಞರ ಮನಸ್ಸಿನ ಮೋಡವೇ ಅಂಕಗಳ ಮೇಲೆ ಬಿದ್ದಿರಬಹುದು ಎಂದು ಆಂಡ್ರ್ಯೂ ಲಿಟಲ್ ಮತ್ತು ಆ್ಯನ್ ಮೆಂಗ್ ಎಂಬ ಸಂಶೋಧಕರು ವಾದಿಸಿದ್ದಾರೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಈಗಿನ ಕಾಲದಲ್ಲಿ ದೂರದ ಬೆಟ್ಟ ಬರೀ ಕಲ್ಲುಮುಳ್ಳಾಗಿ ಕಾಣುತ್ತದೆ, ಏಕೆಂದರೆ ಹೊರದೇಶದವರ ಮೊಬೈಲಿಗೆ ಊರಿನ ಕೆಟ್ಟ ಸುದ್ದಿ ಮಾತ್ರ ತಲುಪುತ್ತದೆ. ಮಾವ ಹೇಳಿದ್ದರಲ್ಲಿ ನಿಜವಿದೆ ಸ್ವಾಮಿ.

ಉತ್ತರ 4: ಬುಡಾಪೆಸ್ಟಿನಲ್ಲಿ ಕೆಲಸ ಮಾಡಿದವಳು

"ಸರ್ವಾಧಿಕಾರಿಗಳ ನಾಡಿನಲ್ಲಿ ಇಂಥ ಫಲಿತಾಂಶ ಬರುತ್ತದೆಯೇ?" ಎಂಬ ಪ್ರಶ್ನೆ ಓದಿ ಇದನ್ನು ಬರೆಯಲೇಬೇಕಾಯಿತು. 2013ರಿಂದ ಆರು ವರ್ಷ ನಾನು ಹಂಗೇರಿಯಲ್ಲಿದ್ದೆ. ಅಲ್ಲಿಯೂ ಚುನಾವಣೆಗಳು ನಡೆಯುತ್ತಿದ್ದವು, ಮತಗಟ್ಟೆಯಲ್ಲಿ ಯಾರೂ ಕೋವಿ ಹಿಡಿದು ನಿಲ್ಲುತ್ತಿರಲಿಲ್ಲ.

2010ರಲ್ಲಿ ವಿಕ್ಟರ್ ಓರ್ಬಾನ್ ಅವರ ಪಕ್ಷ ಅರ್ಧಕ್ಕಿಂತ ತುಸು ಹೆಚ್ಚು ಮತಗಳಿಂದ ಮೂರನೇ ಎರಡರಷ್ಟು ಸ್ಥಾನ ಗೆದ್ದು, ಮರುವರ್ಷವೇ ಹೊಸ ಸಂವಿಧಾನ ಬರೆಯಿತು. ಸಂಸತ್ತನ್ನು 386ರಿಂದ 199 ಸ್ಥಾನಗಳಿಗೆ ಇಳಿಸಿ ಕ್ಷೇತ್ರಗಳ ಗಡಿಗಳನ್ನು ತಾನೇ ಮತ್ತೆ ಎಳೆಯಿತು. ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು ಒಮ್ಮೆಗೇ 70ರಿಂದ 62ಕ್ಕೆ ಇಳಿಸಿ ಹಿರಿಯರನ್ನು ಮನೆಗೆ ಕಳುಹಿಸಿತು. ಯುರೋಪಿಯನ್ ನ್ಯಾಯಾಲಯ 2012ರಲ್ಲಿ ಅದು ತಪ್ಪೆಂದು ಹೇಳುವಷ್ಟರಲ್ಲಿ ಬಹುತೇಕ ಕುರ್ಚಿಗಳು ತುಂಬಿದ್ದವು. 2014ರಲ್ಲಿ ಶೇಕಡ 45ಕ್ಕೂ ಕಡಿಮೆ ಮತ ಪಡೆದ ಆ ಪಕ್ಷಕ್ಕೆ 199ರಲ್ಲಿ 133 ಸ್ಥಾನಗಳು ಸಿಕ್ಕವು, ಅಂದರೆ ಮತ್ತೆ ಮೂರನೇ ಎರಡು. ಎಲ್ಲವೂ ಕಾನೂನಿನ ಪ್ರಕಾರವೇ.

2016ರ ಅಕ್ಟೋಬರ್ 8, ಶನಿವಾರ. ಸರಕಾರವನ್ನು ಟೀಕಿಸುತ್ತಿದ್ದ ಬಲಿಷ್ಠ ದಿನಪತ್ರಿಕೆಯಾಗಿದ್ದ 'ನೇಪ್‌ಸಾಬಾಡ್‌ಶಾಗ್' ಇದ್ದಕ್ಕಿದ್ದಂತೆ ನಿಂತುಹೋಯಿತು. ನಷ್ಟದಲ್ಲಿದೆ ಎಂಬುದು ಮಾಲೀಕರು ಕೊಟ್ಟ ಕಾರಣ. ಸ್ವಲ್ಪ ದಿನಗಳಲ್ಲಿ ಅದರ ಪ್ರಕಾಶನ ಸಂಸ್ಥೆ ಸರಕಾರಕ್ಕೆ ಹತ್ತಿರದವರ ಪಾಲಾಯಿತು. ಸೋಮವಾರ ಕಚೇರಿಗೆ ಹೋದಾಗ ನನ್ನ ಪಕ್ಕದ ಮೇಜಿನವಳನ್ನು ಕೇಳಿದೆ. ಅವಳ ಅಪ್ಪ ದಶಕಗಳಿಂದ ಅದೇ ಪತ್ರಿಕೆಯನ್ನು ಓದುತ್ತಿದ್ದವರು. ಭಾನುವಾರವೆಲ್ಲ ಹಳೆಯ ಸಂಚಿಕೆಯನ್ನೇ ಮಡಿಸಿ ಬಿಚ್ಚುತ್ತ ಕೂತಿದ್ದರಂತೆ. "ಬೇಸರವಾಯಿತು" ಎಂದವಳು, ಸ್ವಲ್ಪ ಹೊತ್ತಿನ ಮೇಲೆ, "ಆದರೆ ಇದಕ್ಕಾಗಿ ಏನು ಮಾಡುವುದು ಹೇಳು?" ಎಂದಳು. ಅವಳ ಆ ಪ್ರಶ್ನೆ ಇಂದಿಗೂ ನನ್ನ ಬಳಿ ಇದೆ.

ಏಕೆಂದರೆ ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ ಸುಕ್ ಯೋಲ್ 2024ರ ಡಿಸೆಂಬರ್ 3ರ ರಾತ್ರಿ ಸೈನಿಕ ಕಾನೂನು ಘೋಷಿಸಿದಾಗ ಜನರಿಗೆ ಏನು ಮಾಡಬೇಕೆಂದು ತಕ್ಷಣ ತಿಳಿಯಿತು. ಸಾವಿರಾರು ಜನ ಆ ಚಳಿಯಲ್ಲಿ ಸಂಸತ್ತಿನ ಮುಂದೆ ಸೇರಿದರು, ಸಭಾಧ್ಯಕ್ಷರೇ ಬೇಲಿ ಹಾರಿ ಒಳಗೆ ಹೋದರು, ಮೂರು ಗಂಟೆಯೊಳಗೆ ಹಾಜರಿದ್ದ 190 ಸದಸ್ಯರೂ ಅದರ ವಿರುದ್ಧ ಮತ ಹಾಕಿದರು. 2025ರ ಏಪ್ರಿಲ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅಧ್ಯಕ್ಷರನ್ನು ವಜಾ ಮಾಡಿತು. ಒಂದೇ ರಾತ್ರಿಯಲ್ಲಿ ಬಂದದ್ದನ್ನು ಆ ರಾತ್ರಿಯೇ ತಡೆದರು. ಹಂಗೇರಿಯಲ್ಲಿ ಅಂಥ ರಾತ್ರಿಯೇ ಬರಲಿಲ್ಲ. ನಿವೃತ್ತಿ ವಯಸ್ಸು ಬದಲಾದ ದಿನವೋ, ಕ್ಷೇತ್ರದ ಗಡಿ ಬದಲಾದ ದಿನವೋ, ಪತ್ರಿಕೆ ನಿಂತ ದಿನವೋ, ಯಾವ ದಿನ ಬೀದಿಗಿಳಿಯಬೇಕಿತ್ತು?

ಪೋಲೆಂಡಿನ ಮಾತನ್ನೂ ಹೇಳಿಬಿಡುತ್ತೇನೆ. ಅದೇ ಹಾದಿ ಹಿಡಿದಿದ್ದ ಸರಕಾರವನ್ನು ಅಲ್ಲಿಯ ಜನ 2023ರ ಅಕ್ಟೋಬರಿನಲ್ಲಿ ಶೇಕಡ 74ರಷ್ಟು ಮತದಾನ ಮಾಡಿ ಇಳಿಸಿದರು. ಆದ್ದರಿಂದ 'ಬೆಂಗಳೂರಿನ ಓದುಗ'ರು ಹೇಳುವ ಚುನಾವಣೆಯ ಬಲ ಸುಳ್ಳಲ್ಲ, ಆದರೆ ಎಂಟು ವರ್ಷಗಳಲ್ಲಿ ನ್ಯಾಯಾಲಯಗಳಿಗೆ ಬಂದು ಕೂತವರು ಫಲಿತಾಂಶದ ಮರುದಿನ ಎದ್ದು ಹೋಗಲಿಲ್ಲ. ಇಳಿಯುವುದಕ್ಕಿಂತ ಹತ್ತುವುದು ಎಷ್ಟು ಕಷ್ಟವೆಂಬುದನ್ನು ಅವರು ಈಗ ಅನುಭವಿಸುತ್ತಿದ್ದಾರೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರ ಗೀರಿಲ್ಲದ ಕರಡಿನ ಮಾತನ್ನು ಓದಿದ ಮೇಲೆ ಮಾವನ ಎರಡು ಮಾತುಗಳು ನನಗೆ ಒಂದೇ ಮಾತಾಗಿ ಕೇಳಿಸಿದವು. ಅವರು ನನ್ನಿಂದ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಅವರ ದಿನ ಮೊದಲಿನಂತೆಯೇ ಇದೆ, ಆ ದಿನದೊಳಗೆ ಆಡಬಹುದಾದ ಮಾತು ಮಾತ್ರ ಕಡಿಮೆಯಾಗಿದೆ. 'ಬೆಂಗಳೂರಿನ ಓದುಗ'ರು ಹೇಳಿದಂತೆ ನನ್ನ ಮೊಬೈಲಿಗೆ ಬರುವ ಸುದ್ದಿಯ ಬಗ್ಗೆ ನಾನು ಇನ್ನಷ್ಟು ಎಚ್ಚರವಾಗಿರಬೇಕೆಂಬುದನ್ನೂ ಒಪ್ಪುತ್ತೇನೆ. ಭಯಪಡುವ ಹಕ್ಕು ನನಗಿದೆ, ಆದರೆ ಅದರ ಬೆಲೆಯನ್ನು ತೆರುವವರು ಅಲ್ಲಿರುವವರು. ಫೋನಿನಲ್ಲಿ ಅವರನ್ನು ಒತ್ತಾಯಿಸಿ ಮಾತಾಡಿಸಲು ನೋಡಿದ್ದು ನನ್ನ ತಪ್ಪು. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಿದ್ದೇನೆ, ಎದುರಿಗೆ ಕೂತು ಕೇಳುತ್ತೇನೆ.

ವಕೀಲರಾದ ಮೇಡಂ ಅವರಲ್ಲಿ ಒಂದು ವಿಚಾರಣೆ: ನಾನು ಇಲ್ಲಿಂದಲೇ ಮತ ಹಾಕಲು ದಾರಿಯಿದೆಯೇ?

ಉತ್ತರ 5: ಜಿಲ್ಲಾ ನ್ಯಾಯಾಲಯದ ವಕೀಲೆ

ಅಲ್ಲಿಂದಲೇ ಹಾಕಲು ಸದ್ಯಕ್ಕೆ ದಾರಿಯಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆಯದಿರುವುದರಿಂದ ಹೆಸರು ಸೇರಿಸಲು ನಿಮಗೆ ಹಕ್ಕಿದೆ. ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರಕ್ಕೆ ಅರ್ಜಿ ಹಾಕಿ; ಆನ್‌ಲೈನಿನಲ್ಲಿಯೂ ಆಗುತ್ತದೆ. ಮತದಾನದ ದಿನ ನೀವೇ ಮತಗಟ್ಟೆಗೆ ಬರಬೇಕು, ಮೂಲ ಪಾಸ್‌ಪೋರ್ಟನ್ನು ತೋರಿಸಬೇಕು. ಡಿಸೆಂಬರಿನಲ್ಲಿ ಬಂದಾಗ ಮಾವನವರ ಹೆಸರು ಪಟ್ಟಿಯಲ್ಲಿ ಸರಿಯಾಗಿದೆಯೇ ಎಂಬುದನ್ನೂ ಒಮ್ಮೆ ಕೂತು ನೋಡಿ.